ಗೋಪುರದ ಗುಟ್ಟು, 301ನೇ ಮೀಟರಿನ ರಟ್ಟು

ಇಂಗ್ಲೆಂಡಿನ ಹಳೇ ಚರ್ಚುಗಳ ಗೋಪುರದಲ್ಲಿ ಈಗ ಗಂಟೆಯ ಪಕ್ಕ ಆಂಟೆನಾ ಬಾಡಿಗೆಗಿರುತ್ತದೆ. 2018ರಲ್ಲಿ ಅಲ್ಲಿನ ಚರ್ಚೂ ಸರ್ಕಾರವೂ ಇದಕ್ಕೊಂದು ಒಪ್ಪಂದವನ್ನೇ ಮಾಡಿಕೊಂಡವು. ಗೋಪುರದ ಕಿಂಡಿಯ ಮರದ ಪಟ್ಟಿ ಬಿಚ್ಚಿ, ಅದೇ ಅಳತೆಯ, ಅದೇ ಬಣ್ಣದ ಫೈಬರ್‌ಗ್ಲಾಸ್ ಪಟ್ಟಿ ಕೂರಿಸುತ್ತಾರೆ. ಕಣ್ಣಿಗೆ ಮರ, ರೇಡಿಯೋ ಅಲೆಗೆ ಬಯಲು. ಈ ಒಪ್ಪಂದಕ್ಕೂ ಹಿಂದೆ, ಲಂಡನ್ನಿನ ಚಿಂಗ್‌ಫರ್ಡ್ ಚರ್ಚಿನ ಇಂಥದೇ ಅರ್ಜಿಗೆ ಚರ್ಚಿನದೇ ಧರ್ಮನ್ಯಾಯಾಲಯ ಮೊದಲು ಒಲ್ಲೆ ಎಂದಿತ್ತು. ಸಿಗ್ನಲ್ ಜೊತೆ ಅಶ್ಲೀಲ ಚಿತ್ರಗಳೂ ಗೋಪುರದಿಂದ ಹೊರಟರೆ ಏನು ಗತಿ ಎಂಬ ಚಿಂತೆ. ಮೇಲ್ಮನವಿಯಲ್ಲಿ ದಾರಿ ಸಿಕ್ಕಿತು.

ಆಂಟೆನಾ ಬಚ್ಚಿಡುವ ಇಷ್ಟು ನಾಚಿಕೆ ಬಳ್ಳಾರಿಗೆ ಬಂದರೆ ಹೇಗಿರುತ್ತದೆ? ಗುಡ್ಡವೇನೋ ಸಿದ್ಧವಾಗಿದೆ. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯದು. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ಆಮೇಲೆ ಗೊತ್ತಾಗಿ, ಹೈದರಾಲಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ನೇಣಿಗೆ ಹಾಕಿಸಿದನೆಂದು ಊರ ಮಾತು. ಲೈನ್ ಆಫ್ ಸೈಟ್, ಅಂದರೆ ಎದುರಿನ ನೇರ ನೋಟ, ನೋಡದವರಿಗೆ ಆಗ ನೇಣು, ಈಗ ಮರುಟೆಂಡರ್.

ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಹಾಗಾಗಿ ಟವರಿನವರಿಗೆ ಅಚ್ಚುಮೆಚ್ಚಿನ ಅಂಕಿ 301. ಅಲ್ಲಿ ನಿಂತ ಟವರ್ ಕಾನೂನಿಗೆ ಕಾಣುವುದಿಲ್ಲ. ಫೋಟೋದಲ್ಲಿ ಮಾತ್ರ ಬುರುಜಿನ ನೆತ್ತಿಗೇ ಮೊಳೆ ಹೊಡೆದಂತಿರುತ್ತದೆ.

ಮರೆಮಾಚಲೇಬೇಕು ಎಂದು ಹಟಹಿಡಿದರೆ ಲೆಕ್ಕ ಹೀಗೆ. ಎಫ್‌ಎಂ 100 ಮೆಗಾಹರ್ಟ್ಸ್ ಎಂದರೆ ಅಲೆಯ ಉದ್ದ 3 ಮೀಟರ್, ಅದರರ್ಧ ಉದ್ದದ ಆಂಟೆನಾ ಕಡ್ಡಿ, ಅಂದರೆ ಡೈಪೋಲ್, ಒಂದೂವರೆ ಮೀಟರ್. ನಾಲ್ಕನ್ನು ಮೂರು ಮೂರು ಮೀಟರ್ ಅಂತರದಲ್ಲಿ ಪೇರಿಸಿದರೆ ಹತ್ತು ಮೀಟರ್ ದಾಟಿತು. ಅದನ್ನು ಮುಚ್ಚಲು ಹನ್ನೊಂದು ಮೀಟರಿನ ಸುಳ್ಳು ಬುರುಜು ಬೇಕು. ಬರೀ ಕಂಬವಿದ್ದಾಗ ಯಾರೂ ತಲೆಯೆತ್ತಿ ನೋಡಿರಲಿಲ್ಲ, ಈಗ "ಇದು ಯಾವ ದೇವ್ರಪ್ಪಾ?" ಎಂದು ತೆಂಗಿನಕಾಯಿ ಹಿಡಿದು ಬರುತ್ತಾರೆ.

ಮೊಬೈಲ್ ಟವರಿನ ಪ್ಯಾನೆಲ್ ಆಂಟೆನಾಗೆ ಎರಡು ಮೀಟರಿನ ಡಬ್ಬಿ ಸಾಕು. ಆದರೆ ಉದ್ಘಾಟನೆಯ ಹಿಂದಿನ ದಿನ ಯಾರೋ ಪುಣ್ಯಾತ್ಮರು ಅದಕ್ಕೆ ಫಳಫಳ ಬೆಳ್ಳಿ ಬಣ್ಣ ಹೊಡೆಸುತ್ತಾರೆ. ಬೆಳ್ಳಿ ಬಣ್ಣವೆಂದರೆ ಅಲ್ಯೂಮಿನಿಯಂ ಚೂರು, ಅಲೆಗೆ ಅಡ್ಡಗಾಲು. 3 ಡೆಸಿಬಲ್ ಹೋಯಿತೆಂದರೆ ಅರ್ಧ ಶಕ್ತಿ ಹೋಯಿತು. ಮೇಲೆ ಹತ್ತಿದವರು ಕನೆಕ್ಟರ್ ಬದಲಿಸುತ್ತಾರೆ, ಕೇಬಲ್ ಬದಲಿಸುತ್ತಾರೆ, ಬಣ್ಣದ ಮೇಲೆ ಅನುಮಾನವೇ ಬರುವುದಿಲ್ಲ. ಮಲ್ಟಿಮೀಟರ್ ಇಟ್ಟರೂ ಮುಳ್ಳು ಅಲ್ಲಾಡದು, ಚೂರುಗಳು ಬಣ್ಣದೊಳಗೆ ಒಂದಕ್ಕೊಂದು ತಾಕದೆ ಮಲಗಿರುತ್ತವೆ. ಕೆರೆದು ತೆಗೆದು ಲೋಹವಿಲ್ಲದ ಬಣ್ಣ ಬಳಿಯುವುದೊಂದೇ ಮದ್ದು.

ಆಮೇಲೆ ಮೇ ತಿಂಗಳು. ಹೊರಗೆ 42 ಡಿಗ್ರಿ, ಮುಚ್ಚಿದ ಡಬ್ಬಿಯೊಳಗೆ ಇನ್ನೂ ಹೆಚ್ಚು. ಸಾಮಾನ್ಯವಾಗಿ 55ರವರೆಗೆ ತಾಳುವ, ಆಂಟೆನಾಗೆ ಸಿಗ್ನಲ್ ಕೊಡುವ ರೇಡಿಯೋ ಯೂನಿಟ್ ತಾನಾಗಿಯೇ ಪವರ್ ಇಳಿಸಿಕೊಳ್ಳುತ್ತದೆ. ಗಾಳಿಯಾಡಲೆಂದು ಕಿಂಡಿ ಕೊರೆಯುತ್ತಾರೆ. ಕಿಂಡಿಗೆ ಪಾರಿವಾಳ ಸಂಸಾರ ಸಮೇತ ಬರುತ್ತದೆ. ಪಾರಿವಾಳಕ್ಕೆಂದು ಕೋಳಿಗೂಡಿನ ಕಬ್ಬಿಣದ ಜಾಲರಿಯನ್ನು ಡಬ್ಬಿಯ ಸುತ್ತ ಸುತ್ತುತ್ತಾರೆ. 900 ಮೆಗಾಹರ್ಟ್ಸ್‌ನ 33 ಸೆಂಟಿಮೀಟರ್ ಅಲೆಗೆ ಅರ್ಧ ಇಂಚು ಕಣ್ಣಿನ ಜಾಲರಿ ಗೋಡೆಯೇ ಸರಿ. ಪ್ಲಾಸ್ಟಿಕ್ ಬಲೆ ಹಾಕಿದ್ದರೆ ಮುಗಿಯುತ್ತಿತ್ತು, ಆದರೆ ಅಂದಾಜುಪಟ್ಟಿಯಲ್ಲಿ ಬರೆದಿದ್ದು ಕಬ್ಬಿಣ.

ಕೋಟೆಯ ಸುತ್ತ ಸಿಗ್ನಲ್ ಇಲ್ಲವೆಂದು ಅರ್ಜಿಗಳು ಬೀಳುತ್ತವೆ. ಹೊಸ ಟವರಿಗೆ ಜಾಗ ನೋಡಲು ಟೇಪು ಹಿಡಿದು ಹೊರಡುತ್ತಾರೆ: 299, 300, 301.