ತಾರೀಖಿನ ಹಿಂದಿನ ಸಂಜೆ ಒಂದು ಫೋನು

ಅಂಚೆ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದೆ. ಅಫಜಲಪುರ, ಆಳಂದ, ಕೊನೆಗೆ ಕಲಬುರಗಿ. ಕೌಂಟರಿನಲ್ಲಿ ಕೂತು ಓದು ಬರಹ ಬಾರದವರಿಗೆ ಮನಿಯಾರ್ಡರ್ ಫಾರಂ ತುಂಬಿಕೊಟ್ಟಿದ್ದಕ್ಕೆ ಲೆಕ್ಕವಿಲ್ಲ. ರಿಟೈರ್ ಆದ ಮೇಲೆ ಮಾಡುತ್ತಿರುವುದೂ ಹೆಚ್ಚುಕಮ್ಮಿ ಅದೇ. ಈಗಿನ ಗಿರಾಕಿಗಳು ಜೈಲಿನಲ್ಲಿರುತ್ತಾರೆ, ಇಲ್ಲವೇ ಈಗಷ್ಟೇ ಹೊರಗೆ ಬಂದಿರುತ್ತಾರೆ.

ನಮ್ಮನ್ನು ಪ್ಯಾರಾ ಲೀಗಲ್ ವಾಲಂಟಿಯರ್ ಅನ್ನುತ್ತಾರೆ, ಅಂದರೆ ಕಾನೂನು ನೆರವಿನ ಸ್ವಯಂಸೇವಕರು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ತಂದ ಯೋಜನೆ. ವಕೀಲಿಕೆ ಓದಿರಬೇಕಿಲ್ಲ. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾಲೇಜು ಹುಡುಗರು, ನನ್ನಂಥ ಪಿಂಚಣಿದಾರರು ಸೇರಬಹುದು. ದೊಡ್ಡ ಶಿಕ್ಷೆ ಅನುಭವಿಸುತ್ತಿರುವ, ಓದು ಬರಹ ಬಲ್ಲ, ಒಳ್ಳೆ ನಡತೆಯ ಕೈದಿಗಳೂ ಜೈಲಿನೊಳಗೆ ಈ ಕೆಲಸ ಮಾಡಬಹುದು. ನನಗೆ ಇದು ಬಹಳ ಹಿಡಿಸಿತು.

ಹೆಂಡತಿಗೆ ಮಾತ್ರ ಹಿಡಿಸಲಿಲ್ಲ. "ಕಳ್ಳರ ಸಂಗಟ ನಿಮಗೇನ್ರಿ ಕೆಲಸ? ಮನ್ಯಾಗ ಮೊಮ್ಮಕ್ಕಳನ್ನ ನೋಡ್ಕೋರಿ" ಅಂದಳು.

ಮೊದಮೊದಲು ನನಗೂ ನನ್ನ ಕೆಲಸ ಏನು ಅಂತ ಗೊತ್ತಿರಲಿಲ್ಲ. ನಾಲ್ಕು ಒಳ್ಳೆ ಮಾತು ಹೇಳಬೇಕು ಅಂದುಕೊಂಡಿದ್ದೆ. ಒಂದು ದಿನ ನಮ್ಮ ಜೊತೆ ಜೈಲಿಗೆ ಒಬ್ಬ ಭಾಷಣಕಾರರು ಬಂದಿದ್ದರು. ಸಿಟ್ಟು, ಸಂಯಮ, ಧ್ಯಾನ ಅಂತ ಒಂದು ತಾಸು ಮಾತಾಡಿದರು. ಚೆನ್ನಾಗೇ ಮಾತಾಡಿದರು, ಸುಳ್ಳು ಹೇಳಬಾರದು. ಕೊನೆಗೆ "ಏನಾದರೂ ಕೇಳೋದಿದೆಯಾ?" ಅಂದರು. ಹಿಂದೆ ಕೂತಿದ್ದ ಒಬ್ಬ ಎದ್ದು, "ಸರ್, ನಂದು ಮುಂದಿನ ತಾರೀಖು ಯಾವಾಗ ಅದ್ರಿ?" ಅಂದ.

ಅವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಮನೆಗೆ ಬಂದು ಮೊಮ್ಮಗನ ಕೈಯಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಸಿಕೊಂಡೆ. ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಖು ಬರುತ್ತದೆ. ಪಿನ್‌ಕೋಡ್ ನೋಡಿ ನೋಡಿ ಸವೆದ ಕಣ್ಣಿಗೆ ಇದೇನು ಕಷ್ಟವಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅವರಲ್ಲಿ 4.34 ಲಕ್ಷ ವಿಚಾರಣಾಧೀನ ಕೈದಿಗಳು. ಅಂದರೆ ನೂರರಲ್ಲಿ ಸುಮಾರು 76 ಜನರ ಮೇಲೆ ತಪ್ಪು ಇನ್ನೂ ಸಾಬೀತೇ ಆಗಿಲ್ಲ. "ಕಳ್ಳರ ಸಂಗಟ" ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಹೆಂಡತಿಗೂ ಹೇಳಿದೆ. "ಹಂಗಾದ್ರ ಉಳಿದ 24 ಮಂದಿ?" ಅಂದಳು. ಅವರಿಗೂ ತಾರೀಖು, ಅಪೀಲು, ಮನೆ ಇರುತ್ತದೆ ಅಲ್ವಾ?

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಆಳಂದ ಕಡೆಯ ಹಳ್ಳಿ, 24 ವರ್ಷ, ಬೈಕ್ ಕಳವಿನ ಕೇಸು. ಮೊದಲನೇ ಕೇಸು. ಜಾಮೀನು ಆಗಿತ್ತು. ಆದರೂ ಎರಡು ತಿಂಗಳಿಂದ ಒಳಗೇ ಇದ್ದ. ಕಾರಣ, ಪಹಣಿ (ಹೊಲದ ದಾಖಲೆ) ಇಟ್ಟು ಸಹಿ ಹಾಕುವ ಜಾಮೀನುದಾರ ಸಿಕ್ಕಿರಲಿಲ್ಲ. ಜಾಮೀನಿನ ಹಣ ಕಟ್ಟಲಾಗದ ಬಡ ಕೈದಿಗಳಿಗೆ ಹಣ ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ಆದರೆ ಇವನಿಗೆ ಬೇಕಾಗಿದ್ದದ್ದು ಪಹಣಿ. ತಾಯಿ ಕಂಡವರ ತೊಗರಿ ಹೊಲದಲ್ಲಿ ಕೂಲಿ. ಸೋದರಮಾವನಿಗೆ ಎರಡು ಎಕರೆ ಇದೆ, ಪಹಣಿ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ. ಪೌತಿ ಖಾತೆ ಮಾಡಿಸಿಲ್ಲ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡಿಲ್ಲ. ನಮ್ಮ ಕಡೆ ಎಷ್ಟು ಮನೆಗಳ ಗತಿ ಇದೇ ಅಂತ ನಿಮಗೂ ಗೊತ್ತು.

ಜಾಮೀನಾಗಿ ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ನೋಡಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಉಚಿತ ಕಾನೂನು ನೆರವಿನ ವಕೀಲರು ಅದನ್ನೇ ತೋರಿಸಿ ಅರ್ಜಿ ಹಾಕಿದರು. ಇಬ್ಬರು ಜಾಮೀನುದಾರರ ಬದಲು ಒಬ್ಬರು ಸಾಕು ಅಂತಾಯಿತು. ಆ ಒಬ್ಬರನ್ನು ಹುಡುಕಿಕೊಂಡು ನಾನು ಊರಿಗೆ ಹೋದೆ.

ಕಿರಾಣಿ ಅಂಗಡಿ ಸಾವಕಾರರೊಬ್ಬರು ಇದ್ದರು. ಮೂರು ಸಲ ಹೋಗಿ ಅವರ ಕಟ್ಟೆ ಮೇಲೆ ಕೂತೆ. ಮೂರನೇ ಸಲ, "ಅವ ತಾರೀಖಿಗೆ ಬರ್ತಾನಂತ ನಿಮ್ಮ ಗ್ಯಾರಂಟಿ ಏನ್ರಿ?" ಅಂದರು.

"ಪ್ರತಿ ತಾರೀಖಿನ ಹಿಂದಿನ ಸಂಜಿ ನಾ ಫೋನ್ ಮಾಡ್ತೀನ್ರಿ" ಅಂದೆ. ಅವರು ಸಹಿ ಹಾಕಿದರು.

ನಾಲ್ಕು ತಾರೀಖು ಸರಿಯಾಗಿ ನಡೆಯಿತು. ಐದನೆಯದಕ್ಕೆ ನಾನು ಬೀದರಿನಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದೆ. ಮರೆತೆ. ಹುಡುಗ ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ, ಅವನೂ ಮರೆತ. ಕೋರ್ಟು ಜಾಮೀನುರಹಿತ ವಾರಂಟ್ ಹೊರಡಿಸಿತು. ಸಾವಕಾರರಿಗೆ ನೋಟಿಸ್ ಹೋಯಿತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ! ನಮ್ಮ ಇಲಾಖೆಯೇ ಮುಟ್ಟಿಸಿತು.

ಅವರು ನನಗೆ ಬೈಯಲಿಲ್ಲ. "ಕಾಗದ ಬಂದದ ನೋಡ್ರಿ" ಅಂತ ಇಷ್ಟೇ ಅಂದು ಫೋನಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಹುಡುಗ ರಾತ್ರಿ ರೈಲಿಗೆ ಬಂದ. ವಕೀಲರು ಕರೆದುಕೊಂಡು ಹೋಗಿ ಹಾಜರು ಮಾಡಿಸಿ, ವಾರಂಟ್ ರದ್ದು ಮಾಡಿಸಿದರು. ಸ್ವಲ್ಪ ದಂಡ ಬಿತ್ತು. ನಾನೇ ಕಟ್ಟುತ್ತೇನೆ ಅಂದೆ, ಅವನು ಬಿಡಲಿಲ್ಲ. "ಕಾಕಾ, ಕೂಲಿ ಮಾಡೀನಿ, ರೊಕ್ಕ ಅದ" ಅಂದ.

ಮಾರ್ಗದರ್ಶನ ಅಂದರೆ ದೊಡ್ಡ ಮಾತು. ನಾನು ಕಂಡ ಹಾಗೆ ಅದರಲ್ಲಿ ಮುಕ್ಕಾಲು ಪಾಲು ಈ ಫೋನೇ. ಉಳಿದದ್ದು ಕಾಗದಪತ್ರ, ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಜೊತೆಗೆ ಕಾಯುವುದು. ಮೇ ತಿಂಗಳ ಬಿಸಿಲಲ್ಲಿ ಅದೇನು ಸಣ್ಣ ಕೆಲಸವಲ್ಲ. "ನೀ ಏನ್ ಮಾಡಿದ್ದಿ?" ಅಂತ ನಾನು ಯಾರನ್ನೂ ಕೇಳುವುದಿಲ್ಲ. ಅದನ್ನು ಕೇಳುವುದಕ್ಕೆ ಕೋರ್ಟಿದೆ.

ಸೇರುವ ಮನಸ್ಸಿದ್ದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ನೆರವು ಬೇಕಾದವರು 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ವಕೀಲರ ನೆರವು ಉಚಿತ. 1987ರ ಕಾನೂನಿನಲ್ಲೇ ಇದೆ. ಎಷ್ಟೋ ಮನೆಯವರು ಇದು ಗೊತ್ತಿಲ್ಲದೆ ಬಂಗಾರ ಅಡವಿಟ್ಟಿರುತ್ತಾರೆ. ಆದರೆ ವಾರಕ್ಕೊಂದು ಸಂಜೆ ಕೊಡಲಾಗದವರು ದಯವಿಟ್ಟು ಸೇರಬೇಡಿ. ಎರಡು ತಿಂಗಳು ಉತ್ಸಾಹದಿಂದ ಬಂದು ಆಮೇಲೆ ಫೋನ್ ಎತ್ತದವರನ್ನು ನೋಡಿದ್ದೇನೆ. ಅದಕ್ಕಿಂತ ಬರದಿರುವುದೇ ವಾಸಿ.

ಹೋದ ತಿಂಗಳು ಸಾವಕಾರರ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಚಹಾ ಕುಡಿಸಿದರು. "ಈ ಕೇಸು ಮುಗಿಯೋತನ ಇರ್ತೀನ್ರಿ. ಇನ್ನೊಬ್ಬರಿಗಿ ಅಂತೂ ನನ್ನ ಪಹಣಿ ಕೊಡಂಗಿಲ್ಲ" ಅಂದರು. ನ್ಯಾಯವಾದ ಮಾತು. ಅಲ್ಲಿಂದ ಎದ್ದು ಸೋದರಮಾವನ ಮನೆಗೆ ಹೋಗಿ ಪೌತಿ ಖಾತೆಯ ಕಾಗದ ತೆಗೆಸಿದೆ. ಅಜ್ಜನ ಮರಣ ಪತ್ರ ಸಿಕ್ಕಿದೆ. ವಂಶವೃಕ್ಷ ಒಂದು ಬಾಕಿ ಇದೆ. ಬುಧವಾರ ಮತ್ತೆ ನಾಡಕಚೇರಿಗೆ ಹೋಗಬೇಕು.