ಸೋಫಾ ಅಡಿಯ ಧೂಳಿಗೆ ಯಾರು ಹೊಣೆ?

ಮನೆ ಧೂಳಿನಲ್ಲಿ ಏನೇನಿದೆ ಅಂತ ಬರೆಯುವ ಲೇಖನಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ, ಚಪ್ಪಲಿ ಹೊರಗೆ ಬಿಡಿ. ಸಲಹೆ ಸರಿಯಾಗೇ ಇದೆ. ನಾನೂ ಮಾಡುತ್ತೇನೆ. ಆದರೂ ಓದಿದಾಗಲೆಲ್ಲ ಮೈ ಉರಿಯುತ್ತದೆ. ಆ ರಾಸಾಯನಿಕಗಳನ್ನು ನಾವೇನು ಪೊಟ್ಟಣ ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಚೆಲ್ಲಿಕೊಂಡಿದ್ದಲ್ಲ. ಸೋಫಾ, ಟಿವಿ, ನೆಲಹಾಸುಗಳ ಜೊತೆ ಬಂದವು. ಮಾರಿದವರು ಹೇಳಲಿಲ್ಲ, ತಯಾರಿಸಿದವರೂ ಹೇಳಲಿಲ್ಲ. ಒರೆಸುವ ಕೆಲಸ ಮಾತ್ರ ನಮ್ಮ ಪಾಲಿಗೆ ಬಂತು.

ಸೋಫಾದೊಳಗಿನ ಫೋಮನ್ನೇ ನೋಡಿ. ಬೇಗ ಬೆಂಕಿ ಹತ್ತಬಾರದು ಅಂತ ಅದಕ್ಕೆ ಪಿಬಿಡಿಇ ಎಂಬ ಬ್ರೋಮಿನ್ ಸಂಯುಕ್ತಗಳನ್ನು ವರ್ಷಗಟ್ಟಲೆ ಬೆರೆಸಿದರು. ಇವು ಫೋಮಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಸುಮ್ನೆ ಒಳಗೆ ಇರುತ್ತವೆ ಅಷ್ಟೇ. ಹಾಗಾಗಿ ನಿಧಾನವಾಗಿ ಹೊರಗೆ ಬರುತ್ತವೆ. ಫೋಮ್ ಹಳತಾಗಿ ಪುಡಿಯಾದಂತೆ ಇನ್ನೂ ಜಾಸ್ತಿ. ವಿನೈಲ್ ನೆಲಹಾಸನ್ನು ಮೆತ್ತಗೆ ಮಾಡುವ ಥಾಲೇಟ್‌ಗಳದ್ದೂ ಇದೇ ಕಥೆ. ಹೊರಗಡೆಯಾದರೆ ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಸೇರಿ ಅಷ್ಟೋ ಇಷ್ಟೋ ಮುರಿದುಹಾಕುತ್ತವೆ. ಮನೆಯೊಳಗೆ ಆ ಮೂರೂ ಇಲ್ಲ. ಅಮೆರಿಕದ ಕೇಪ್ ಕಾಡ್‌ನಲ್ಲಿ 120 ಮನೆಗಳ ಗಾಳಿ ಮತ್ತು ಧೂಳು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಧೂಳಿನಲ್ಲೇ 66 ರಾಸಾಯನಿಕಗಳು ಸಿಕ್ಕವು. ಅದರಲ್ಲಿ ಡಿಡಿಟಿಯೂ ಇತ್ತು. ಆ ದೇಶ ಅದನ್ನು ನಿಷೇಧಿಸಿದ್ದು 1972ರಲ್ಲಿ!

ಈ ಧೂಳು ಹೆಚ್ಚು ಸೇರುವುದು ಅಂಬೆಗಾಲಿಡುವ ಮಕ್ಕಳ ಹೊಟ್ಟೆಗೆ. ನೆಲದ ಮೇಲೆ ಕೈ, ಆಮೇಲೆ ಬಾಯಿಗೆ ಕೈ, ದಿನವಿಡೀ ಅದೇ ಕೆಲಸ. ಬೆಕ್ಕಿನದ್ದೂ ಅದೇ ಪಾಡು. ಧೂಳು ಮೆತ್ತಿಕೊಂಡ ಮೈಯನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಅಮೆರಿಕದ ಸಾಕುಬೆಕ್ಕುಗಳ ರಕ್ತದಲ್ಲಿ ಮನುಷ್ಯರಿಗಿಂತ ಎಷ್ಟೋ ಪಟ್ಟು ಜಾಸ್ತಿ ಪಿಬಿಡಿಇ ಸಿಕ್ಕಿದೆ. ಬೆಕ್ಕುಗಳಿಗೆ ಬರುವ ಥೈರಾಯ್ಡ್ ಕಾಯಿಲೆಗೆ ಇದೇ ಕಾರಣವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಧೂಳಿನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಕಾಯಿಲೆ ಬರುತ್ತದೆ ಅಂತಲ್ಲ. ಎಷ್ಟು ಸಿಕ್ಕಿತು ಅನ್ನುವುದು ಮುಖ್ಯ. ಬೆಂಕಿ ನಿರೋಧಕ ಬೆರೆತ ಹಳೇ ಟಿವಿಗಳ ಕಪ್ಪು ಪ್ಲಾಸ್ಟಿಕ್ಕನ್ನು ಕರಗಿಸಿ ಅಡುಗೆಮನೆ ಸಾಮಾನು ಮಾಡುತ್ತಾರೆ ಅಂತ 2024ರಲ್ಲಿ ಒಂದು ಅಧ್ಯಯನ ಬಂದು ದೊಡ್ಡ ಗದ್ದಲವಾಯಿತು. ಆಮೇಲೆ ನೋಡಿದರೆ ಸುರಕ್ಷತಾ ಮಿತಿಯ ಗುಣಾಕಾರದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. ಅಪಾಯ ಹತ್ತು ಪಟ್ಟು ದೊಡ್ಡದಾಗಿ ಕಂಡಿತ್ತು. ಹಾಗಂತ ಆ ಪ್ಲಾಸ್ಟಿಕ್ ಅಲ್ಲಿ ಇರಬೇಕಿತ್ತು ಅಂತೇನೂ ಆಗಲಿಲ್ಲ, ಅದು ಬೇರೆ ಮಾತು.

ಸೀಸದ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ. ಮಕ್ಕಳ ಮಿದುಳಿಗೆ ಇಷ್ಟರವರೆಗೆ ತೊಂದರೆಯಿಲ್ಲ ಅನ್ನುವ ಮಟ್ಟವೇ ಸಿಕ್ಕಿಲ್ಲ. ಹಳೇ ಬಣ್ಣ ಉದುರಿ, ಕಿಟಕಿ ಬಾಗಿಲು ಉಜ್ಜಿ, ಪುಡಿಯಾಗಿ ನೆಲಕ್ಕೆ ಬರುತ್ತದೆ. ಅಮೆರಿಕದ ಪರಿಸರ ಇಲಾಖೆ ನೆಲದ ಧೂಳಿಗೆ 2001ರಲ್ಲಿ ಚದರ ಅಡಿಗೆ 40 ಮೈಕ್ರೋಗ್ರಾಂ ಅಂತ ಗೆರೆ ಎಳೆಯಿತು. 2019ರಲ್ಲಿ ಅದು 10 ಆಯಿತು. 2024ರಲ್ಲಿ, ಪ್ರಯೋಗಾಲಯ ಅಳೆದು ಹೇಳಬಹುದಾದಷ್ಟು ಸೀಸ ಇದ್ದರೂ ಅಪಾಯವೇ ಅಂತ ನಿಯಮ ಮಾಡಿದರು. ಗೆರೆ ಕೆಳಗಿಳಿಯುವ ಹೊತ್ತಿಗೆ ಆ ನೆಲದ ಮೇಲೆ ಆಡಿದ ಮಕ್ಕಳು ದೊಡ್ಡವರಾಗಿದ್ದರು.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಹಾಕುತ್ತಿದ್ದ ಬ್ರೋಮಿನ್ ಟ್ರಿಸ್ ಎಂಬ ಬೆಂಕಿ ನಿರೋಧಕವನ್ನು 1977ರಲ್ಲಿ ನಿಲ್ಲಿಸಿದರು. ಕ್ಯಾನ್ಸರ್ ತರಬಹುದು ಅನ್ನುವುದು ಕಾರಣ. ಅದರ ಜಾಗಕ್ಕೆ ಕ್ಲೋರಿನ್ ಟ್ರಿಸ್ ಬಂತು. ಅದರ ಮೇಲೂ ಅನುಮಾನ ಎದ್ದಾಗ ಉಡುಪಿನಿಂದ ತೆಗೆದರು, ಸೋಫಾ ಫೋಮಿಗೆ ಹಾಕಿದರು. ಪಿಬಿಡಿಇಗಳಲ್ಲಿ ಎರಡು ಬಗೆಯವನ್ನು 2009ರಲ್ಲಿ, ಅಪಾಯಕಾರಿ ರಾಸಾಯನಿಕಗಳನ್ನು ತೊಡೆದುಹಾಕಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಮೂರನೆಯದು ಸೇರಿದ್ದು 2017ರಲ್ಲಿ. ಅಷ್ಟರಲ್ಲಿ ಫೋಮಿಗೆ ರಂಜಕದ ಸಂಯುಕ್ತಗಳು ಬಂದಿದ್ದವು. ಒಂದನ್ನು ಹೊರಗೆ ಕಳಿಸಿದರೆ ಅದರ ದಾಯಾದಿ ಹಿಂಬಾಗಿಲಿನಿಂದ ಒಳಗೆ.

ಅಷ್ಟಕ್ಕೂ ಬೆಂಕಿಯಾದರೂ ನಿಲ್ಲುತ್ತಿತ್ತಾ? ಕ್ಯಾಲಿಫೋರ್ನಿಯಾದ 1975ರ ನಿಯಮದ ಪ್ರಕಾರ ಬರೀ ಫೋಮಿಗೆ 12 ಸೆಕೆಂಡ್ ಸಣ್ಣ ಜ್ವಾಲೆ ಹಿಡಿದು ನೋಡಬೇಕಿತ್ತು. ನಿಜವಾದ ಸೋಫಾದಲ್ಲಿ ಮೊದಲು ಹತ್ತಿಕೊಳ್ಳುವುದು ಮೇಲಿನ ಬಟ್ಟೆ. ಫೋಮ್ ತಲುಪುವಷ್ಟರಲ್ಲಿ ಉರಿ ದೊಡ್ಡದಾಗಿರುತ್ತದೆ, ಒಳಗಿನ ರಾಸಾಯನಿಕದಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಬೆಂಕಿ ಸುರಕ್ಷತೆಯ ಹೆಸರಿನಲ್ಲಿ ಈ ರಾಸಾಯನಿಕಗಳ ಪರ ವಾದಿಸುತ್ತಿದ್ದ ಒಂದು ಸಂಘ ಅದೇ ಉದ್ಯಮದ ಕಂಪನಿಗಳದ್ದು ಅನ್ನುವುದನ್ನು ಶಿಕಾಗೋ ಟ್ರಿಬ್ಯೂನ್ ಪತ್ರಿಕೆ 2012ರಲ್ಲಿ ಬಯಲಿಗೆಳೆಯಿತು. ಮರುವರ್ಷ ನಿಯಮ ಬದಲಾಯಿತು. ಜ್ವಾಲೆಯ ಪರೀಕ್ಷೆ ಹೋಗಿ, ಸಿಗರೇಟಿನ ಕಿಡಿಯಂತೆ ಹೊಗೆಯಾಡುವ ಬೆಂಕಿಯ ಪರೀಕ್ಷೆ ಬಂತು. ರಾಸಾಯನಿಕ ಹಾಕದ ಸೋಫಾವೂ ಇದರಲ್ಲಿ ಪಾಸಾಗುತ್ತದೆ.

ಒಂದೊಂದನ್ನೇ ಹಿಡಿದು ವಿಚಾರಣೆ ಮಾಡುವ ಪದ್ಧತಿಯೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ 1976ರ ಕಾನೂನು ಆಗಲೇ ಮಾರುಕಟ್ಟೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆ ಕೇಳದೆ ಒಳಗೆ ಬಿಟ್ಟುಕೊಂಡಿತು. ತಿದ್ದುಪಡಿಗೆ 40 ವರ್ಷ ಹಿಡಿಯಿತು. ಇದಕ್ಕಿಂತ ಯುರೋಪ್ ಎಷ್ಟೋ ಮೇಲು. ಮಾಹಿತಿ ಕೊಡದಿದ್ದರೆ ಮಾರುವಂತಿಲ್ಲ ಅನ್ನುತ್ತದೆ. ಟಿವಿ, ಮಾನಿಟರ್‌ಗಳ ಹೊರಕವಚದಲ್ಲಿ ಹ್ಯಾಲೋಜನ್ (ಬ್ರೋಮಿನ್, ಕ್ಲೋರಿನ್‌ಗಳ ಗುಂಪು) ಇರುವ ಬೆಂಕಿ ನಿರೋಧಕಗಳನ್ನು 2021ರಿಂದ ಇಡೀ ಗುಂಪಾಗಿ ನಿಷೇಧಿಸಿದೆ. ಇಂಥದ್ದು ಬೇಕು. ಗುಂಪು ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ, ಒಪ್ಪುತ್ತೇನೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2019ರಲ್ಲಿ ಇವನ್ನು 14 ಉಪಗುಂಪುಗಳಾಗಿ ವಿಂಗಡಿಸಿ ನೋಡಿ ಅಂದವು. ನೂರಾರು ವಿಚಾರಣೆಗಿಂತ 14 ವಾಸಿ ಅಲ್ವಾ?

ಕಾನೂನಿನಿಂದ ಏನಾಗುತ್ತದೆ ಅನ್ನುವವರು ಸ್ವೀಡನ್ನಿನ ಲೆಕ್ಕ ನೋಡಬೇಕು. ಅಲ್ಲಿ 1972ರಿಂದ 1997ರವರೆಗೆ ಕೂಡಿಟ್ಟ ಎದೆಹಾಲಿನ ಮಾದರಿಗಳಲ್ಲಿ ಪಿಬಿಡಿಇ ಸುಮಾರು 5 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗಿತ್ತು. ಬಳಕೆ ಕಡಿಮೆಯಾದ ಮೇಲೆ ಇಳಿಯಿತು. ತಾಯಂದಿರು ಇದ್ದಕ್ಕಿದ್ದಂತೆ ನೆಲ ಚೆನ್ನಾಗಿ ಒರೆಸಲು ಶುರು ಮಾಡಿದ್ದಕ್ಕಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಸೋಫಾದ ಚೀಟಿಯಲ್ಲಿ ಬೆಂಕಿ ನಿರೋಧಕ ಹಾಕಿದೆಯೋ ಇಲ್ಲವೋ ಅಂತ ಬರೆಯಲೇಬೇಕು. ನಾನು ಸೋಫಾ ಕೊಳ್ಳುವಾಗ ಅದನ್ನೇ ಬಾಯಿಬಿಟ್ಟು ಕೇಳಿದೆ. ಅಂಗಡಿಯವರು ಬಣ್ಣ ಹೇಳಿದರು, ವಾರಂಟಿ ಹೇಳಿದರು, ಇದಕ್ಕೆ ಮಾತ್ರ ಕಂಪನಿಗೆ ಬರೆಯಿರಿ ಅಂದರು. ಬರೆದೆ. ನಿಮ್ಮ ಆಸಕ್ತಿಗೆ ಧನ್ಯವಾದ ಅಂತ ಉತ್ತರ ಬಂತು, ಜೊತೆಗೆ ಸೋಫಾ ಒರೆಸುವುದು ಹೇಗೆ ಅನ್ನುವ ಕೈಪಿಡಿ.