ದುರ್ಗದಬೈಲಿನಲ್ಲಿ ಇಬ್ಬರು ನೆಪೋಲಿಯನ್

ಹೋದ ವಾರದಿಂದ ನಮ್ಮ ಗೆಳೆಯರ ಗುಂಪಿನಲ್ಲಿ ಇಬ್ಬರು ನೆಪೋಲಿಯನ್, ಒಬ್ಬ ಹ್ಯಾನಿಬಲ್, ಒಬ್ಬ ಅಲೆಕ್ಸಾಂಡರ್ ಇದ್ದಾರೆ. ನಾನು ಜೂಲಿಯಸ್ ಸೀಸರ್. ಸಂಜೆ ಏಳಕ್ಕೆ ಎಲ್ಲರೂ ಹುಬ್ಬಳ್ಳಿಯ ದುರ್ಗದಬೈಲಿನ ಮಿರ್ಚಿ ಗಾಡಿ ಮುಂದೆ ಸೇರುತ್ತೇವೆ. ಸೈನ್ಯ ಮಾತ್ರ ಯಾರ ಹತ್ತಿರವೂ ಇಲ್ಲ.

ಶುರುವಾಗಿದ್ದು ಮೊಬೈಲಿಗೆ ಬಂದ ಒಂದು ಲಿಂಕಿನಿಂದ. ‘ನೀವು ಯಾವ ಮಹಾನ್ ಸೇನಾಧಿಪತಿ?’ ಹತ್ತೇ ಪ್ರಶ್ನೆ. ನಿಮ್ಮ ಇಷ್ಟದ ಬಣ್ಣ ಯಾವುದು? ಬೆಟ್ಟ ಇಷ್ಟವೋ, ಸಮುದ್ರವೋ? ಬೆಟ್ಟ ಅಂತ ಒತ್ತಿದ ವಿಮೆ ಏಜೆಂಟ್ ಗೆಳೆಯ ಹ್ಯಾನಿಬಲ್ ಆದ. ಅಸಲಿ ಹ್ಯಾನಿಬಲ್ ಕ್ರಿ.ಪೂ. 218ರಲ್ಲಿ 37 ಆನೆ ಕಟ್ಟಿಕೊಂಡು ಆಲ್ಪ್ಸ್ ದಾಟಿ ರೋಮನ್ನರ ಮೇಲೆ ಬಿದ್ದವನು. ನಮ್ಮವನಿಗೆ ಒಂದು ಸ್ಕೂಟಿ ಹಿಡಿದು ಚೆನ್ನಮ್ಮ ಸರ್ಕಲ್ ದಾಟೋಕೆ ಆಗಲ್ಲ. ‘ಆನಿ ಇದ್ದಿದ್ರ ನನಗೂ ದಾರಿ ಬಿಡ್ತಿದ್ರಲೇ’ ಅಂತಾನೆ. ಅದೂ ನಿಜ ಅನ್ನಿ.

ಅಲೆಕ್ಸಾಂಡರ್ ಆದ ಗುಮಾಸ್ತ ಗೆಳೆಯ ಇದುವರೆಗೆ ಪೂರ್ವಕ್ಕೆ ಗದಗ ದಾಟಿದವನಲ್ಲ.

ಜಗಳ ಬಂದದ್ದು ನೆಪೋಲಿಯನ್ ವಿಷಯಕ್ಕೆ. ಸ್ಟೇಷನರಿ ಅಂಗಡಿಯವನಿಗೆ ಮೊದಲ ಸಲವೇ ಶೇಕಡಾ 91 ನೆಪೋಲಿಯನ್ ಬಂತು. (ಉಳಿದ 9 ಏನು ಅನ್ನೋದು ಅವನ ಹೆಂಡತಿಗೆ ಗೊತ್ತು.) ನಿವೃತ್ತ ಮಾಸ್ತರಿಗೆ ಬಂದದ್ದು ಕುಟುಜೋವ್.

‘ಇವ ಯಾವನೋ ತಮ್ಮಾ?’

‘ರಷ್ಯಾದ ಸೇನಾಪತಿರಿ ಸರ. ಹಿಂದ ಹಿಂದ ಸರಕೋತ ಹೋದವ.’

ಅಷ್ಟೇ ಸಾಕಾಯಿತು. ‘ನಾ ಹಿಂದ ಸರಿಯೋ ಮನಷ್ಯಾ ಏನು?’ ಎಂದು ಮಾಸ್ತರು ಮತ್ತೆ ಆರು ಸಲ ಕ್ವಿಜ್ ಆಡಿದರು. ಇಷ್ಟದ ಬಣ್ಣ ಬದಲಿಸಿದರು, ಬೆಟ್ಟ ಬಿಟ್ಟು ಸಮುದ್ರ ಹಿಡಿದರು. ಕೊನೆಗೂ ಶೇಕಡಾ 84 ನೆಪೋಲಿಯನ್ ಆಗಿ ಉಸ್ಸೆಂದು ಕೂತರು.

1812ರಲ್ಲಿ ಸುಮಾರು 6 ಲಕ್ಷ ಸೈನಿಕರ ಜೊತೆ ನೆಪೋಲಿಯನ್ ರಷ್ಯಾಕ್ಕೆ ನುಗ್ಗಿದಾಗ, ಮಾಸ್ಕೋ ಊರನ್ನೇ ಬಿಟ್ಟುಕೊಟ್ಟು, ಅವನನ್ನು ಹಸಿವು ಮತ್ತು ಚಳಿಗೆ ಒಪ್ಪಿಸಿ ವಾಪಸ್ ಅಟ್ಟಿದವನು ಇದೇ ಕುಟುಜೋವ್. ಮಾಸ್ತರು ಗೆದ್ದವನನ್ನು ಕೊಟ್ಟು ಸೋತವನನ್ನು ತಂದುಕೊಂಡರು, ಅದೂ ಇಷ್ಟು ಕಷ್ಟಪಟ್ಟು. ಇದನ್ನು ಹೇಳೋದು ಹೇಗೆ? ಏಳನೇ ಇಯತ್ತೆಯಲ್ಲಿ ನನಗೆ ಇತಿಹಾಸ ಕಲಿಸಿದವರೇ ಅವರು.

ಇಬ್ಬರಲ್ಲಿ ಅಸಲಿ ಯಾರು ಅಂತ ಕೇಳಿದರೆ ನನ್ನ ತೀರ್ಪು ಅಂಗಡಿಯವನ ಕಡೆ. 1815ರ ಜೂನ್ 18, ವಾಟರ್‌ಲೂ. ರಾತ್ರಿಯೆಲ್ಲ ಮಳೆ ಸುರಿದು ನೆಲ ಕೆಸರಾಗಿದೆ, ಸ್ವಲ್ಪ ಒಣಗಲಿ ಅಂತ ನೆಪೋಲಿಯನ್ ದಾಳಿಯನ್ನು ಮಧ್ಯಾಹ್ನದ ಹೊತ್ತಿಗೆ ತಳ್ಳಿದ. ನಮ್ಮವನೂ ಅಷ್ಟೇ. ನಾಲ್ಕು ಹನಿ ಜಿಟಿಜಿಟಿ ಬಿದ್ದರೆ ಅಂಗಡಿ ಬಾಗಿಲು ತೆರೆಯೋದು ಹನ್ನೆರಡಕ್ಕೇ.

ಆ 6 ಲಕ್ಷದಲ್ಲಿ ಒಬ್ಬ ಸಿಪಾಯಿಯೂ ಈ ಕ್ವಿಜ್‌ನಲ್ಲಿ ಬರೋದಿಲ್ಲ ನೋಡಿ. ‘ಅಭಿನಂದನೆಗಳು! ನೀವು ಬೂಟು ಹರಿದ ಕಾಲಾಳು, ರಷ್ಯಾದ ಹಿಮದಲ್ಲಿ ಸತ್ತಿರಿ’ ಅಂತ ಬಂದರೆ ಸ್ಟೇಟಸ್ ಹಾಕೋರು ಯಾರು?

ಫಲಿತಾಂಶದ ಕೆಳಗೆ ವಿವರ ಬೇರೆ. ‘ಹೊರಗೆ ಗಟ್ಟಿ, ಒಳಗೆ ಮೃದು. ನಿಮ್ಮ ಶಕ್ತಿಯನ್ನು ಜನ ಇನ್ನೂ ಗುರುತಿಸಿಲ್ಲ.’ ಐದೂ ಜನಕ್ಕೆ ಇದು ತಂತಮ್ಮ ಜಾತಕ ಅನ್ನಿಸಿತು. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳ ವ್ಯಕ್ತಿತ್ವ ಪರೀಕ್ಷೆ ಮಾಡಿ, ಎಲ್ಲರ ಕೈಗೂ ಒಂದೇ ಬರಹ ಕೊಟ್ಟಿದ್ದ. ನಿಮಗೆ ಎಷ್ಟು ಹೊಂದುತ್ತದೆ, 5ಕ್ಕೆ ಅಂಕ ಕೊಡಿ ಅಂದರೆ ಸರಾಸರಿ 4.26 ಬಂತು. ನಮ್ಮ ಬುಡಬುಡಕಿಯವನಿಗೆ ಇದು ಮೊದಲೇ ಗೊತ್ತಿತ್ತು. ಪಾಪ, ಅವನು ಕೇಳ್ತಿದ್ದದ್ದು ಒಂದು ಹಳೇ ಅಂಗಿ ಅಷ್ಟೇ.

ಕ್ವಿಜ್ ಕೇಳಿದ್ದು ಫೋನಿನಲ್ಲಿರುವ ನಂಬರುಗಳನ್ನೆಲ್ಲ. ಐದೂ ಸೇನಾಧಿಪತಿಗಳು ಓದದೆ ‘ಅನುಮತಿಸಿ’ ಒತ್ತಿ ಕೋಟೆ ಬಾಗಿಲನ್ನು ಒಳಗಿನಿಂದಲೇ ತೆರೆದುಕೊಟ್ಟೆವು. 2018ರಲ್ಲಿ ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಕಂಪನಿಯ ಗದ್ದಲ ಆಯಿತಲ್ಲ, ಅದರ ಮೂಲವೂ ಇಂಥದೇ ಒಂದು ವ್ಯಕ್ತಿತ್ವದ ಕ್ವಿಜ್. ಆಡಿದವರು ಸುಮಾರು 2.7 ಲಕ್ಷ. ಅವರ ಗೆಳೆಯರೆಲ್ಲ ಸೇರಿ 8.7 ಕೋಟಿ ಜನರವರೆಗೆ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಈಗ ನಮ್ಮ ಶೇಕಡಾ 84 ನೆಪೋಲಿಯನ್‌ಗೆ ದಿನಕ್ಕೆ ನಾಲ್ಕು ಸಾಲದ ಫೋನ್ ಬರುತ್ತವೆ.

ಅಂದಹಾಗೆ, ಪಟ್ಟಿಯಲ್ಲಿ ಕಿತ್ತೂರು ಚೆನ್ನಮ್ಮ ಇಲ್ಲ, ಸಂಗೊಳ್ಳಿ ರಾಯಣ್ಣನೂ ಇಲ್ಲ. 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು ಎಳೆಸಿಕೊಂಡು ಕಿತ್ತೂರು ಕೋಟೆ ಮುಂದೆ ನಿಂತಾಗ ಚೆನ್ನಮ್ಮನನ್ನು ಯಾರೂ ಇಷ್ಟದ ಬಣ್ಣ ಕೇಳಲಿಲ್ಲ. ಥ್ಯಾಕರೆ ಜೀವಂತ ಮನೆಗೆ ಹೋಗಲಿಲ್ಲ.

ಇನ್ನು ನಾನು. ಸೀಸರ್ ಅಂತ ಬಂದಾಗ ಖುಷಿಯಾಗಿದ್ದು ಸುಳ್ಳಲ್ಲ. ಹೆಂಡತಿಗೆ ತೋರಿಸಿದೆ.

‘ರೀ, ಅವನ್ನ ಜೊತಿಗಿದ್ದವರ ಚುಚ್ಚಿ ಕೊಂದ್ರಲ್ಲಾ? 23 ಕಡೆ?’

‘ಅದು ಕ್ರಿ.ಪೂ. 44ರ ಮಾತು, ಈಗ್ಯಾಕ?’ ಅಂದು ಚಪ್ಪಲಿ ಮೆಟ್ಟಿ ಹೊರಟೆ.

ಅವತ್ತು ಗಾಡಿ ಮುಂದೆ ಮಾತು ಜೋರಾಗಿತ್ತು. ಒಂದೆಡೆ ಆಲ್ಪ್ಸ್, ಇನ್ನೊಂದೆಡೆ ಮಾಸ್ಕೋ. ಅಷ್ಟರಲ್ಲಿ ಮಾಸ್ತರಿಗೆ ಸಾಲದ ಫೋನ್ ಬಂತು, ಮಾತಾಡುತ್ತಾ ಎದ್ದು ಹೋದರು. ಹ್ಯಾನಿಬಲ್ ಸ್ಕೂಟಿ ನೋಡಿ ಬರ್ತೀನಿ ಅಂದ. ಎರಡು ಹನಿ ಬಿದ್ದವು, ಅಂಗಡಿಯವನು ಮಾಯ. ಅಲೆಕ್ಸಾಂಡರ್ ಯಾವಾಗ ಎದ್ದನೋ ನನಗೆ ಗೊತ್ತೇ ಆಗಲಿಲ್ಲ.

ಗಾಡಿಯವನು ಲೆಕ್ಕ ಹಾಕಿ ನನ್ನ ಕಡೆ ತಿರುಗಿದ. ‘ಇಪ್ಪತ್ತಮೂರು ಮಿರ್ಚಿರಿ ಸರ. ಮ್ಯಾಲ ಐದು ಗಿರ್ಮಿಟ್.’